ನಮ್ಮ ಕೊರಕಲು ಅವ್ವಲ್ ನಂಬರ್ ಬಂತು

ನಮ್ಮ ಕೊರಕಲು ಪಾಸಾತು! ಸುಮ್ಮನ ಪಾಸಲ್ಲ, ಅವ್ವಲ್ ನಂಬರ್, ಅಂದ್ರ ಎಲ್ಲಾದ್ರಕ್ಕಿಂತ ಮೊದಲನೇದು. ಸರಕಾರದ ಮಣ್ಣು ಉಳಿಸೋ ಕಾಯ್ದೆ ಪ್ರಕಾರ ನಮ್ಮೂರಾಗ ಎಷ್ಟು ತ್ರಾಸ ಅವ, ಅಷ್ಟೂ ತ್ರಾಸಿನೊಳಗ ದೊಡ್ಡ ತ್ರಾಸು ನಮ್ಮದೇ ಅಂತ ಸಾಹೇಬ್ರು ಬರಕೊಂಡು ಹೋದ್ರು. ಮತ್ತ ಅವತ್ತೇ, ಹೊತ್ತು ಮುಣಗೋದ್ರೊಳಗ, ನನ್ನ ಮೊಮ್ಮಗಳು ನನ್ನ ತೊಡಿ ಮ್ಯಾಲೆ ಮಲಗಿ ನನ್ನ ಇಳಕಲ್ ಸೀರಿ ಪೂರ್ತಿ ತೊಯ್ಸಿದಳು. ನಾ ಸೀರಿ ಬದಲ ಮಾಡಲಿಲ್ಲ. ಯಾಕ ಮಾಡ್ಲಿ? ಅದಕ್ಕಂತ ಮೂರು ತಿಂಗಳು ಕಾದೀನಿ.

ನಾ ಕಲತದ್ದು ಊರ ಗಾಂವಠಿ ಶಾಲ್ಯಾಗ ಎರಡು ಇಯತ್ತೆ, ಅಂದ್ರ ಎರಡನೇ ಕ್ಲಾಸ್ ತನಕ. ಒತ್ತಕ್ಷರ ಬಂದ್ರ ಇವತ್ತಿಗೂ ಕೈ ತಡೀತದ. ಆದ್ರ ಖುಷಿ ಹೊಟ್ಟ್ಯಾಗ ಹಿಡಿಯವಲ್ದು. ಓಣ್ಯಾಗ ಸಿಕ್ಕವರಿಗೆಲ್ಲಾ ಹೇಳಿ ಮುಗೀತು, ಈಗ ನನ್ನ ಕಂಡ್ರ ಮಂದಿ ಬ್ಯಾರೆ ಹಾದಿ ಹಿಡಿಯಾಕತ್ಯಾರ. ಹಂಗಾಗಿ ಹಾಳ್ಯಾಗ ಬರದ ಇಡಾಕತ್ತೀನಿ. ಹಾಳಿ ಎದ್ದು ಹೋಗಂಗಿಲ್ಲ.

ನಮ್ಮೂರು ಶಹಾಪುರ ದಾಟಿ ಸಗರದ ಕಡಿ ಹೋಗೋ ಹಾದ್ಯಾಗ ಅದ. ಊರ ಮ್ಯಾಲಿನ ಮಗ್ಗಲಕ್ಕ ನಮ್ಮ ಹೊಲ. ಅದು ಮಸಾರಿ, ಅಂದ್ರ ಕೆಂಪು ಮಣ್ಣಿನ ಹೊಲ. ಅದರ ಕೆಳಗ ಯರಿ ಹೊಲ, ಕಾಡಿಗ್ಯಾಂಗ ಕರ್ರಗ. ಅದು ನಮ್ಮ ಬೀಗರದು. ಇರೋದು ಒಬ್ಬಾಕಿ ಮಗಳು, ಕೂಗಿದ್ರ ಕೇಳೋವಷ್ಟು ಹತ್ರ ಇರಲಿ ಅಂತ ಊರಾಗೇ ಕೊಟ್ಟೀವಿ. ಎರಡು ಹೊಲದ ನಡುವ ಹಾದು, ಎರಡು ಓಣಿ ನಡುವ ಹಾದು ಹೋಗೋದು ಆ ಕೊರಕಲು.

ನಾ ಮದುವಿ ಆಗಿ ಬಂದಾಗ ಅದು ಬಂಡಿ ಗಾಲಿ ಎಳದ ಗೆರಿ ಇತ್ತು. ಮಗಳು ಹುಟ್ಟಿದಾಗ ದಾಟಿದ್ರ ಪಾದ ತೊಯ್ತಿತ್ತು. ಮಗಳ ಮದುವ್ಯಾಗ ಬೀಗರ ಬಂಡಿ ಅದರಾಗ ಮುಗ್ಗರಿಸಿ, ಮದುಮಗನ ಬಾಸಿಂಗ ಹಣಿ ಬಿಟ್ಟು ಮೂಗಿನ ಮ್ಯಾಲೆ ಇಳೀತು. ಅಳಿಯ ಅರ್ಧ ಮದುವಿ ತನಕ ಏನೂ ಕಾಣದಂಗ ಕುಂತಿದ್ದ. ಈಗ ಎಮ್ಮಿ ಇಳಿದು ನಿಂತ್ರ ಬರೇ ಕೋಡು ಕಾಣ್ತಾವ. ಬಂಡಿ ಅಂತೂ ದಾಟಂಗಿಲ್ಲ, ಅರ್ಧ ಹರದಾರಿ ಸುತ್ತು ಹಾಕಿ ಬರಬೇಕು.

ಮಳಿ ಬಂದಾಗೊಮ್ಮೆ ನಮ್ಮ ಕೆಂಪು ಮಣ್ಣು ಆ ಕೊರಕಲದಾಗ ಇಳಿದು ಬೀಗರ ಕರೀ ಹೊಲಕ್ಕ ಹೋಗಿ ಮಲಗ್ತದ. ಕದ್ದು ಮುಚ್ಚಿ ಹೋದ್ರ ಬ್ಯಾರೆ ಮಾತು. ಕರೀ ಮಣ್ಣಿನ ಮ್ಯಾಲೆ ಕೆಂಪು ಪಟ್ಟಿ, ಸೀರಿಗೆ ಅಂಚು ಹಾಕಿದಂಗ ಊರಿಗೆಲ್ಲಾ ಕಾಣ್ತದ. ನಮ್ಮ ಮನಿಯವರು ದಿನಾ ಮುಂಜಾನಿ ಬದುವಿನ ಮ್ಯಾಲೆ ನಿಂತು ಆ ಪಟ್ಟಿ ನೋಡಿ ಉಸಿರು ಬಿಡೋರು. ಮಗಳನ್ನ ಕೊಟ್ಟಾಗೂ ಅಷ್ಟು ಉಸಿರು ಬಿಟ್ಟಿರಲಿಲ್ಲ.

ಹೋದ ವರ್ಷ ಒಂದಿನ ಅವರಿಗೆ ತಡೀಲಿಲ್ಲ. ಬುಟ್ಟಿ ತಗೊಂಡು ಬೀಗರ ಹೊಲಕ್ಕ ಇಳಿದು, ತಮ್ಮ ಮಣ್ಣು ತಾವೇ ತುಂಬಾಕ ಶುರು ಮಾಡಿದ್ರು. ಬೀಗತಿ ಓಡಿ ಬಂದ್ಲು. ಬೀಗರು ಬರಲಿಲ್ಲ, ಅವರು ಮಾತಾಡೋ ಮನುಷ್ಯ ಅಲ್ಲ. ಆ ಮನ್ಯಾಗ ಮಾತಿನ ಪಾಲೆಲ್ಲಾ ಬೀಗತಿನೇ ತಗೊಂಡಾಳ.

"ಏನ್ರೀ ಬೀಗರ, ಹಾಡಹಗಲ ನಮ್ಮ ಹೊಲಾ ಹೊರಾಕತ್ತೀರಿ?"

"ಹೊಲ ನಿಮ್ಮದಿರಬಹುದು, ಮಣ್ಣು ನಮ್ಮದು."

"ಒಯ್ರಿ ಒಯ್ರಿ, ಯಾರು ಬ್ಯಾಡ ಅಂದ್ರು? ಆದ್ರ ಜರಡಿ ತಗೊಂಡ ಬರ್ರಿ. ಅದರಾಗ ನಮ್ಮ ಯರಿ ಮಣ್ಣೂ ಕೂಡೇದ. ಅದನ್ನ ಜರಡಿ ಹಿಡದು ಇಲ್ಲೇ ಬಿಟ್ಟು, ನಿಮ್ಮದಷ್ಟ ಒಯ್ರಿ."

ನಮ್ಮವರು ಸಿಟ್ಟಿಗೆದ್ದು ಖರೇನೇ ಮನಿಗೆ ಬಂದು ಜರಡಿ ಕೇಳಿದ್ರು. ನಾ ಕೊಡಲಿಲ್ಲ. ಅದು ಹಿಟ್ಟಿನ ಜರಡಿ. ಹಂಗೇ ಆರು ಬುಟ್ಟಿ ಹೊತ್ತು ತಂದು ಹೊಲದಾಗ ಸುರುವಿದ್ರು. ಮರುದಿನ ಮಳಿ ಬಂತು. ಆರೂ ಬುಟ್ಟಿ ಬೀಗರ ಮನಿಗೆ ವಾಪಸ್.

ಮುಂದ ಮಳಿ ಜೋರಾಗಿ, ಮಣ್ಣಿನ ಹಿಂದ ಕಲ್ಲೂ ಉರುಳಿ ಹೋಗಿ ಬೀಗರ ಶೇಂಗಾ ಮುಚ್ಚಿ ಹಾಕಿದ್ವು. ಈಗ ಬೀಗತಿ ಬದುವಿನ ಮ್ಯಾಲೆ ನಿಂತು ಕೂಗಿದ್ಲು, "ನಿಮ್ಮ ಕಲ್ಲು ಒಯ್ರಿ!" ನಮ್ಮವರು ಈ ಕಡಿಯಿಂದ ಅಂದ್ರು, "ಕಲ್ಲು ನಮ್ಮವಲ್ಲ!" ಮಣ್ಣು ನಮ್ಮದು, ಕಲ್ಲು ನಮ್ಮವಲ್ಲ ಅಂದ್ರ ಯಾರು ಕೇಳ್ತಾರ? ಆ ಸಿಟ್ಟಿನಾಗ ನಮ್ಮವರ ಬಾಯಿಂದ ಒಂದು ಮಾತು ಬಂತು, "ನಮ್ಮ ಮಣ್ಣು ತಿರುಗಿ ಬರೋ ತನಕ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ." ಬೀಗತಿ ಬಿಟ್ಟಾಳ? "ನಮ್ಮ ಹೊಲದಾಗಿನ ಕಲ್ಲು ಹೋಗೋ ತನಕ ಸೊಸಿನ್ನ ಕಳಸಂಗಿಲ್ಲ" ಅಂದ್ಲು.

ನನ್ನ ಮಗಳಿಗೆ ಆಗ ಐದು ತಿಂಗಳು. ಚೊಚ್ಚಲ ಬಾಣಂತನ ತವರು ಮನ್ಯಾಗ ಆಗಬೇಕು, ಅದು ಎಲ್ಲಾರಿಗೂ ಗೊತ್ತಿದ್ದದ್ದು. ನಾ ಆಗಲೇ ತೊಟ್ಟಿಲ ಹಗ್ಗ ಹೊಸೆದಿದ್ದೆ, ಬಾಣಂತಿಗೆ ಕೊಡೋ ಅಂಟಿನ ಉಂಡಿಗೆ ಅಂಟು ಆರಿಸಿ ಇಟ್ಟಿದ್ದೆ. ಎಲ್ಲಾ ಇಟ್ಟಲ್ಲೇ ಉಳೀತು. ಮನಿಯವರ ಮಾತು ಮೀರಿ ನಾ ಆ ಹೊಸ್ತಲಾ ದಾಟೋ ಹಂಗೂ ಇರಲಿಲ್ಲ. ಕೂಸು ಕೊರಕಲದ ಆಚಿ ಹುಟ್ಟಿತು. ಹೆಣ್ಣು ಕೂಸು. ಸುದ್ದಿ ತಂದಾಕಿ ಸೂಲಗಿತ್ತಿ. ನಾ ಆಕಿ ಕೈ ಹಿಡಕೊಂಡು ಮೂಸಿ ನೋಡಿದೆ, ಕೂಸಿನ ವಾಸನಿ ಏನರ ಉಳದದೇನು ಅಂತ. ಬರೇ ಎಣ್ಣಿ ವಾಸನಿ ಬಂತು.

ಬಾಣಂತಿಗೆ ನೀರ ಹಾಕೋದು ಮುಗದ ಮ್ಯಾಲೆ ಮಗಳು ದಿನಾ ಸಂಜಿಮುಂದ ಕೂಸಿನ್ನ ತಗೊಂಡು ಕೊರಕಲದ ಆಚಿ ದಂಡಿಗೆ ಬರೋಳು. ನಾ ಈಚಿ ದಂಡಿಗೆ ಹೋಗಿ ನಿಲ್ಲತಿದ್ದೆ. ನಡುವ ಎಮ್ಮಿ ಮುಣಗೋವಷ್ಟು ತಗ್ಗು.

"ಯವ್ವಾ, ಕಾಣ್ತದೇನು?"

"ಬಟ್ಟಿ ಕಾಣ್ತದ. ಕೂಸು ಎಲ್ಲದ?"

"ಬಟ್ಟಿ ಒಳಗ ಅದ!"

"ಮೂಗು ಯಾರಂಗದ?"

"ನಿನ್ನಂಗ!"

"ಸುಳ್ಳ ಹೇಳಬ್ಯಾಡ, ಸರಿಯಾಗಿ ನೋಡಿ ಹೇಳು!"

ಆಗ ಆಚಿ ಮನಿಯೊಳಗಿಂದ ಬೀಗತಿ ಕೂಗೋಳು, "ಮೂಗು ನಮ್ಮ ಕಡಿದು! ಗದ್ದ ಬೇಕಾದ್ರ ಒಯ್ರಿ!" ಮಣ್ಣಿನಂಗ ಕೂಸಿನ್ನೂ ಜರಡಿ ಹಿಡದು ಪಾಲು ಮಾಡಾಕ ನಿಂತಿದ್ದಳು ಆಕಿ. ನಾ ನಕ್ಕೊಂತ ಮನಿಗೆ ಬರ್ತಿದ್ದೆ. ಒಲಿ ಮುಂದ ಕುಂತಾಗ ಮಾತ್ರ ನಗು ಬರ್ತಿರಲಿಲ್ಲ. ಮೂರು ತಿಂಗಳಾಗಿತ್ತು, ಕೂಸು ಮಗ್ಗಲು ಹೊಳ್ಳಾಕ ಶುರು ಮಾಡೇದ ಅಂತಿದ್ದಳು ಮಗಳು. ನಾ ಒಮ್ಮೆನೂ ಎತಗೊಂಡಿಲ್ಲ. ಮುಂದಿನ ಮಳಿ ಬಂದ್ರ ಕೊರಕಲು ಇನ್ನೂ ಅಗಲ ಆಗ್ತದ, ಆಗ ಬಟ್ಟಿನೂ ಕಾಣಂಗಿಲ್ಲ ಅಂತ ಒಂದೇ ಚಿಂತಿ.

ಆ ಹೊತ್ತಿನಾಗ ಡಂಗುರ ಹೊಡೀತು.

ಮೊದಲ ಒಂದು ಮಾತು ಹೇಳಬೇಕು. ನಿಜಾಮರ ರಾಜ್ಯ ಹೋತು, ಆಮ್ಯಾಲೆ ಹೈದರಾಬಾದ್ ರಾಜ್ಯನೂ ಮುರೀತು, ನಾವು ಮೈಸೂರ ರಾಜ್ಯಕ್ಕ ಸೇರಿದ್ವಿ. ಮೊದಲ ಕಾಗದೆಲ್ಲಾ ಉರ್ದುದಾಗ ಬರ್ತಿತ್ತು, ನಮಗ್ಯಾರಿಗೂ ತಿಳೀತಿರಲಿಲ್ಲ, ಆದ್ರ ಕಚೇರಿ ಕಾರಕೂನ ಮುನ್ಷಿಗೆ ತಿಳೀತಿತ್ತು. ಈಗ ಕಾಗದ ನಮ್ಮ ಕನ್ನಡದಾಗೇ ಬರ್ತದ. ಎಲ್ಲಾರೂ ಹಲಗಿ ಬಾರಿಸಿ ಕುಣದ್ವಿ. ಓದಿ ನೋಡಿದ್ರ ಈ ಕನ್ನಡ ನಮಗೂ ತಿಳಿಯಂಗಿಲ್ಲ, ಮುನ್ಷಿಗೂ ತಿಳಿಯಂಗಿಲ್ಲ.

ಅಂಥಾ ಒಂದು ಕಾಗದ ತಾಲೂಕ ಕಚೇರಿಯಿಂದ ಬಂತು. ಹೊಸ ಕಾಯ್ದೆ ಬಂದಾದ, ಸಾಹೇಬ್ರು ಬರ್ತಾರ, ಊರವರು ತಮ್ಮ ಆದ್ಯತೆಯ ನೈಸರ್ಗಿಕ ಸಂಪನ್ಮೂಲ ಸಮಸ್ಯೆ ಹೇಳಬೇಕು ಅಂತ. ಅಲ್ಲಿ ಮುನ್ಷಿ ಯಾದಗಿರಿ ಕಡಿಯವರು, ಹಳೇ ಕಾಲದವರು. ಅವರು ಅದನ್ನ ಯಾರಿಂದಲೋ ಬಿಡಿಸಿ ಕೇಳಿ, ತಮಗ ತಿಳಿಯೋ ಮಾತಿಗೆ ತಿರುವಿ, ತಳವಾರಗ ಹೇಳಿ ಕಳಿಸಿದ್ರು, "ಅವ್ವಲ್ ಮಸ್ಲಾ ತಯಾರ ಇಟ್ಟುಕೊಂಡು ಬರ್ರಿ." ಮಸ್ಲಾ ಅಂದ್ರ ಉರ್ದುದಾಗ ತಕಲೀಫು, ಸಮಸ್ಯೆ. ಆದ್ರ ಹೇಳೋ ಹೊತ್ತಿನಾಗ ಮುನ್ಷಿ ಬಾಯಿ ತುಂಬ ಎಲಿಅಡಿಕಿ ಇತ್ತು.

ತಳವಾರ ಓಣಿ ಓಣಿ ತಿರುಗಿ ಡಂಗುರ ಹೊಡದ, "ಕೇಳ್ರಪ್ಪೋ ಕೇಳ್ರಿ! ನಾಳೆ ಸಾಹೇಬ್ರು ಬರ್ತಾರ! ಎಲ್ಲಾರೂ ಅವ್ವನ ಮಸಾಲಿ ತಗೊಂಡು ಚಾವಡಿಗೆ ಬರ್ರೆಪ್ಪೋ!"

ಊರು ಗಾಬರಿ ಆತು. ಹೊಸ ಸರಕಾರಕ್ಕ ನಮ್ಮ ಅವ್ವಂದಿರ ಮಸಾಲಿ ಯಾಕ ಬೇಕು? ಕಡೀಗೆ ಎಲ್ಲಾರೂ ಸೇರಿ ಒಂದು ಅರ್ಥ ಹಚ್ಚಿದ್ವಿ. ಮೈಸೂರ ಕಡಿ ಮಂದಿ ಸಪ್ಪನ ಉಣ್ಣತಾರಂತ, ರಾಜ್ಯ ಒಂದಾತಲ್ಲಾ, ಇನ್ನ ಮ್ಯಾಲೆ ನಮ್ಮಂಗ ಖಾರ ಉಣ್ಣಬೇಕು ಅಂತ ಕಾಯ್ದೆ ಮಾಡ್ಯಾರ. ಇದು ನೋಡಪ್ಪ ಸರಕಾರ ಅಂದ್ರ!

ನನ್ನ ತವರು ಮುದನಾಳ. ನಮ್ಮವ್ವ ಮಾಡೋ ಮಸಾಲಿ ಹುರದ್ರ ಮೂರು ಮನಿ ಆಚಿ ಮಂದಿ ಕೆಮ್ಮತಿದ್ರು. ಬೀಗತಿ ತವರು ಸುರಪುರ, ಆಕಿ ತನ್ನ ಅವ್ವನ ಮಸಾಲಿ ಅಂದ್ರ ದೊಡ್ಡ ಜಂಬ ಪಡ್ತಾಳ. ಅವತ್ತು ಕೊರಕಲದ ಈಚಿ ನಾ ಹುರದೆ, ಆಚಿ ಆಕಿ ಹುರದ್ಲು. ನಡುವ ಹಾರಾಡೋ ಕಾಗಿಗಳು ಸೀನಿರಬೇಕು.

ನಮ್ಮ ಮನಿಯವರಿಗೆ ಎಡಗಿವಿ ಮಂದ. ಅವರಿಗೆ ಡಂಗುರ ಬ್ಯಾರೆ ಕೇಳಿಸಿತ್ತು. ಅವರು ಮುಂಜಾನಿ ಎದ್ದು ಎಲ್ಲಿಗೋ ಹೋಗಿ, ಧೋತರದ ಸೆರಗಿನಾಗ ಏನೋ ಕಟಗೊಂಡು ಬಂದ್ರು. "ಏನದು?" ಅಂದೆ. "ಅವ್ವಲ್ ಮಸಾರಿ ತಗೊಂಡ ಬಾ ಅಂದಾರ. ನಮ್ಮ ಮಣ್ಣಿಗಿಂತ ಅವ್ವಲ್ ಮಸಾರಿ ಈ ಸೀಮ್ಯಾಗ ಯಾರ ಹತ್ರ ಅದ?" ಅಂದ್ರು.

ಚಾವಡ್ಯಾಗ ಕಾಲಿಡಾಕ ಜಾಗ ಇಲ್ಲ. ಸಾಹೇಬ್ರು ಮೈಸೂರ ಕಡಿಯವರು, ಸಣ್ಣ ವಯಸ್ಸು, ಮಾತಾಡಿದ್ರ ಸಕ್ಕರಿ ಉದುರಿಸಿದಂಗ. ಎದ್ದು ನಿಂತು ಕೈ ಮುಗದ್ರು.

"ನೋಡಿ, ದಯವಿಟ್ಟು ತಮ್ಮ ಗ್ರಾಮದ ಆದ್ಯತೆಯ ನೈಸರ್ಗಿಕ ಸಂಪನ್ಮೂಲ ಸಮಸ್ಯೆ ಯಾವುದು, ತಿಳಿಸಿ."

ಮಂದಿ ಹಿಂದ ಮುಂದ ತಿರುಗಿ ಹುಡುಕಿದ್ರು. ಕಡೀಗೆ ಊರಿನ ಹಿರಿಯ ಒಬ್ಬರು ಹೆದರಿಕೊಂತ ಎದ್ದರು.

"ಸಾಹೇಬ್ರ, ಆ ಹೆಸರಿನವರು ನಮ್ಮೂರಾಗ ಯಾರೂ ಇಲ್ರಿ."

ಆಮ್ಯಾಲೆ ನಾವು ಹೆಣಮಕ್ಕಳು ಗಂಟು ಬಿಚ್ಚಿ ಮೇಜಿನ ಮ್ಯಾಲೆ ಸಾಲಿಗೆ ಇಟ್ಟಿವಿ. ಸಾಹೇಬ್ರು ಹಿಂದಕ್ಕ ಸರದ್ರು. "ಅಯ್ಯೋ, ಇದೆಲ್ಲ ಬೇಡಿ ತಾಯಿ. ನಾವು ಏನೂ ತೆಗೆದುಕೊಳ್ಳೋ ಹಾಗಿಲ್ಲ."

"ತಗೋಬ್ಯಾಡ್ರಿ," ಅಂದ್ಲು ನಮ್ಮ ಬೀಗತಿ, "ಮೂಸಿ ನೋಡಿ ಯಾರದು ಅವ್ವಲ್ ಅಷ್ಟ ಹೇಳ್ರಿ. ನಮ್ಮ ಬೀಗತಿಗೂ ಒಮ್ಮೆ ತಿಳೀಲಿ."

ಪಾಪ, ದೊಡ್ಡವರ ಮಾತು ಮುರೀಬಾರದು ಅಂತ ಸಾಹೇಬ್ರು ಆಕಿ ಗಂಟಿಗೆ ಮೂಗು ಇಟ್ಟರು. ಮುಂದ ನನ್ನ ಗಂಟಿಗೂ ಇಟ್ಟರು. ಹತ್ತಿದ ಸೀನು ನಿಲ್ಲಲೇ ಇಲ್ಲ. ಕನ್ನಡಕ ಒಂದು ಕಡಿ, ಕಾಗದ ಒಂದು ಕಡಿ. ಮುನ್ಷಿ ಹಣಿ ಹಣಿ ಬಡಕೊಂಡ್ರು.

"ಯಾ ಅಲ್ಲಾ! ಮಸ್ಲಾ ಅಂದೆ ನಾ, ಮಸ್ಲಾ! ಮಸಾಲಾ ಅಲ್ಲ! ತಕಲೀಫು, ತಕಲೀಫು!"

"ತಕಲೀಫು ಆಗೇ ಆತಲ್ರಿ," ಅಂದ ತಳವಾರ, ಸೀನೋ ಸಾಹೇಬ್ರ ಕಡಿ ಕೈ ಮಾಡಿ. "ಎಲಿಅಡಿಕಿ ಉಗುಳಿ ಹೇಳಿದ್ರ ನಮಗೂ ತಿಳೀತದ."

ಸಾಹೇಬ್ರಿಗೆ ನೀರು ಕೊಟ್ಟು ಕೂಡಿಸಿದ್ವಿ. ಅವರು ಕಾಯ್ದೆ ಓದಿದ್ರು, ಮುನ್ಷಿ ನಮ್ಮ ಮಾತಿನಾಗ ಬಿಡಿಸಿ ಹೇಳಿದ್ರು. ಅದು ನನಗ ಬರೋಬ್ಬರಿ ನೆನಪದ. ಎಲ್ಲಾ ತ್ರಾಸೂ ಅವ್ವಲ್ ಆಗಂಗಿಲ್ಲಂತ. ಮೊದಲ ಅದು ಮಣ್ಣು, ನೀರು, ಗಿಡ, ಹುಲ್ಲು, ಇಂಥಾದ್ದಕ್ಕ ಸಂಬಂಧಪಟ್ಟದ್ದಿರಬೇಕು. ಒಬ್ಬರ ಹೊಲದಾಗ ಹುಟ್ಟಿ ಇನ್ನೊಬ್ಬರ ಹೊಲಕ್ಕ ಹೋಗಿ ಕಾಡಬೇಕು. ಹಂಗೇ ಬಿಟ್ರ ವರ್ಷದಿಂದ ವರ್ಷಕ್ಕ ಬೆಳೀಬೇಕು. ಒಂದೇ ಮನಿಯವರ ಕೈಲೆ ಆಗಲಾರದ್ದಿರಬೇಕು. ಮತ್ತ ಅದರಿಂದ ಹೋದದ್ದು ಮನುಷ್ಯಾ ತಿರುಗಿ ಮಾಡಾಕ ಬರಲಾರದ್ದಿರಬೇಕು. ಇಷ್ಟೂ ಕೂಡಿದ್ರ ಅದಕ್ಕ ಮೊದಲನೇ ನಂಬರು, ಸರಕಾರ ಮೊದಲ ಅದಕ್ಕ ಕೈ ಹಾಕ್ತದ.

ಒಬ್ಬಾಂವ ಎದ್ದ. "ನಮ್ಮ ಎಮ್ಮಿ ಹಾಲು ಕೊಡವಲ್ದು."

"ಅದು ಬೇರೆಯವರ ಹೊಲಕ್ಕೆ ಹೋಗಿ ಕಾಡುತ್ತದೆಯೇ?" ಸಾಹೇಬ್ರು ಕೇಳಿದ್ರು.

"ಹೂನ್ರಿ, ಅಲ್ಲೇ ಮೇಯ್ತದ. ಅಲ್ಲೇನರ ಹಾಲು ಕೊಡ್ತದೋ ಏನೋ."

ಇನ್ನೊಬ್ಬರು ಮಂಗ್ಯಾನ ಕಾಟ ಅಂದ್ರು. ಅದನ್ನ ಸಾಹೇಬ್ರು ಬರಕೊಂಡ್ರು. ಆಗ ಹಿಂದಿನ ಸಾಲಿನಾಗ ಒಬ್ಬಾಕಿ ಸೊಸಿ, ಮುಸುಕು ಜಗ್ಗಿಕೊಂಡು ಸಣ್ಣ ದನಿಲೆ ಅಂದ್ಲು, "ನಮ್ಮತ್ತಿ."

ಆಕಿ ಬೆರಳು ಮಡಚಿ ಎಣಿಸಾಕ ಹತ್ತಿದ್ಲು.

"ಒಂದು ಮನ್ಯಾಗ ಹುಟ್ಟಿ ಇನ್ನೊಂದು ಮನಿಗೆ ಬಂದು ಕಾಡ್ತಾಳ್ರಿ. ವರ್ಷದಿಂದ ವರ್ಷಕ್ಕ ಜಾಸ್ತಿ ಆಗಾಕತ್ತದ. ಒಬ್ಬರ ಕೈಲೆ ಆಗೋ ಮಾತಲ್ಲ."

ಅತ್ತಿ ಅಲ್ಲೇ ಮಗ್ಗಲಿಗೇ ಕುಂತಿದ್ದಳು. "ಕಡೀದು ಹೇಳಲಿಲ್ಲಲ್ಲ? ಹೋದ್ರ ತಿರುಗಿ ಮಾಡಾಕ ಬರಲಾರದಾಕಿ ನಾ! ಬರಕೊಳ್ರಿ ಸಾಹೇಬ್ರ, ಅವ್ವಲ್ ನಂಬರು ನಂದು!"

ಸಾಹೇಬ್ರು ಪೆನ್ನು ಕೆಳಗಿಟ್ಟು ನಕ್ಕರು. "ಮಣ್ಣು, ನೀರಿಗೆ ಸಂಬಂಧ ಇಲ್ಲವಲ್ಲ ತಾಯಿ." ಕಣ್ಣು ಒರಸಿಕೊಂತ ಮೇಜು ನೋಡಿದ್ರು. ಮಸಾಲಿ ಗಂಟಿನ ಕಡೀಗೆ ನಮ್ಮವರ ಗಂಟು. ಅವರು ಹೆದರಿ, ಮೂಗು ದೂರ ಹಿಡದು ಬಿಚ್ಚಿದ್ರು.

"ಇದು ಯಾರ ಮಸಾಲೆ?"

"ಮಸಾಲಿ ಅಲ್ರಿ, ಮಸಾರಿ," ಅಂದ್ರು ನಮ್ಮವರು. "ನಮ್ಮ ಹೊಲದ ಮಣ್ಣು."

"ನಿಮ್ಮ ಹೊಲ ಎಲ್ಲಿದೆ?"

"ಹೊಲ ಮ್ಯಾಲಿನ ಮಗ್ಗಲಕ್ಕ ಅದ್ರಿ. ಮಣ್ಣು ಬೀಗರ ಹೊಲದಾಗ ಅದ. ಅಲ್ಲಿಂದಲೇ ತಂದೀನಿ."

ಬೀಗತಿ ಎದ್ದು ನಿಂತಳು. "ನಾವೇನೂ ಕದ್ದಿಲ್ರೀ! ಅದ ತಾನೇ ನಡಕೊಂತ ಬಂದಾದ! ಬರೋವಾಗ ಕಲ್ಲೂ ಕರಕೊಂಡು ಬಂದಾದ!"

ಸಾಹೇಬ್ರ ಮುಖ ಒಮ್ಮಿಗಲೇ ಬ್ಯಾರೆ ಆತು. ಮಣ್ಣು ಬೆರಳಿನಾಗ ತಿಕ್ಕಿ ನೋಡಿದ್ರು. "ನಡೀರಿ, ತೋರಿಸಿ" ಅಂದ್ರು. ಇಡೀ ಚಾವಡಿ ಎದ್ದು ಕೊರಕಲಕ್ಕ ಹೋತು.

ಸಾಹೇಬ್ರು ಅಳತಿ ಪಟ್ಟಿ ಹಿಡದು ಅಗಲ ಅಳದ್ರು. ಆಳ ಅಳಿಯಾಕ ಇಳದು, ಹತ್ತಾಕ ಬರದ, ನಮ್ಮವರ ರುಮಾಲು ಹಿಡದು ಮ್ಯಾಲೆ ಬಂದ್ರು. ನೀರು ಎಲ್ಲಿಂದ ಬರ್ತದ, ಎಲ್ಲಿಗೆ ಹೋಗ್ತದ, ಎಷ್ಟು ಹೊಲ ಮುಟ್ಟತದ ಅಂತ ಕೇಳಿದ್ರು. ನನಗ ಅಚ್ಚರಿ ಆದದ್ದು ಇದು. ಕಾಯ್ದೆ ಅಂದ್ರ ತಪ್ಪು ಯಾರದು ಅಂತ ಕೇಳ್ತದ ಅಂದುಕೊಂಡಿದ್ದೆ. ನಮ್ಮವರೂ ಬೀಗತಿನೂ ಆ ಪ್ರಶ್ನೆಗೆ ಜವಾಬು ತಯಾರ ಇಟಗೊಂಡು, ಬಾಯಿ ತೆರದು ನಿಂತಿದ್ರು. ಆ ಕಾಯ್ದೆ ಅದನ್ನ ಕೇಳಲೇ ಇಲ್ಲ! ತೆರದ ಬಾಯಿ ತೆರದಂಗೇ ಉಳದ್ವು.

"ಇದು ಎಲ್ಲ ರೀತಿಯಲ್ಲೂ ಮೊದಲನೇ ಸಮಸ್ಯೆ," ಅಂದ್ರು ಸಾಹೇಬ್ರು. "ಒಂದು ಮಾತು ಮಾತ್ರ ಉಳಿದಿದೆ. ಇದು ಮುಟ್ಟುವ ಎರಡೂ ಹೊಲದವರು, ಇದು ನಮ್ಮಿಬ್ಬರದು ಅಂತ ಒಪ್ಪಿ ಬರೆದುಕೊಡಬೇಕು. ಒಬ್ಬರೇ ಹೇಳಿದರೆ ಅದು ಸ್ವಂತ ತಕರಾರು, ಕಾಯ್ದೆಗೆ ಬರೋದಿಲ್ಲ. ಹೇಳಿ, ಈ ಕೊರಕಲು ಯಾರದು?"

ನಮ್ಮವರು ಆಚಿ ದಂಡಿಗೆ ಬೊಟ್ಟು ಮಾಡಿದ್ರು. "ಅವರದು."

ಬೀಗತಿ ಈಚಿ ದಂಡಿಗೆ ಬೊಟ್ಟು ಮಾಡಿದ್ಲು. "ಇವರದು."

ಬೀಗರು ಆಕಾಶ ನೋಡಿದ್ರು.

ಸಾಹೇಬ್ರು ಮತ್ತೊಮ್ಮೆ ಕೇಳಿದ್ರು. ಮತ್ತೊಮ್ಮೆ ಎರಡು ಬೊಟ್ಟು, ಒಂದು ಆಕಾಶ. ಸಾಹೇಬ್ರು ಪುಸ್ತಕ ಮುಚ್ಚಾಕ ಹತ್ತಿದ್ರು. "ಹಾಗಾದರೆ ಮಂಗಗಳನ್ನೇ ಮೊದಲನೇದು ಅಂತ ಬರೆದುಕೊಳ್ಳುತ್ತೇನೆ. ನಾವು ಇನ್ನು ಸಗರಕ್ಕೆ ಹೋಗಬೇಕು."

ಆಗ ಮಗಳು ಆಚಿ ದಂಡಿಗೆ ಬಂದ್ಲು, ಕೂಸಿನ್ನ ಎತಗೊಂಡು. ಅಷ್ಟು ಮಂದಿ ನೋಡಿ ಕೂಸು ಹೆದರಿತೋ ಏನೋ, ಅಳಾಕ ಹತ್ತಿತು. ಬಾಯಿ ತೆರದದ್ದು ಕಂಡಿತು ನನಗ. ಬಟ್ಟಿ ಅಲ್ಲ, ಬಾಯಿ! ಹಲ್ಲಿಲ್ಲದ ಗುಲಾಬಿ ಬಾಯಿ. ಮಳಿಗೆ ಇನ್ನ ತಿಂಗಳಿಲ್ಲ. ಮಂಗ್ಯಾ ಅವ್ವಲ್ ಬಂದ್ರ ನನ್ನ ಗತಿ ಏನು?

"ಬರಕೊಳ್ರಿ ಸಾಹೇಬ್ರ!" ಅಂತ ಕೂಗಿದೆ. "ಕೊರಕಲು ನಮ್ಮದು!"

ನಮ್ಮವರು ತಿರುಗಿದ್ರು. "ಏನಂದಿ?"

"ಕೇಳಿಲ್ಲ ಅನಬ್ಯಾಡ್ರಿ, ನಿಮ್ಮ ಒಳ್ಳೇ ಕಿವಿ ಕಡಿ ನಿಂತೇ ಅಂದೀನಿ. ನಮ್ಮದು. ಮಣ್ಣೂ ನಮ್ಮದು, ಕಲ್ಲೂ ನಮ್ಮವು, ತಗ್ಗೂ ನಮ್ಮದು."

ಬೀಗತಿಗೆ ಅದು ತಡೀಲಿಲ್ಲ. ಆಕಿ ಯಾವಾಗಲೂ ಹಂಗೇ, ನಾ ಒಂದು ನಂದು ಅಂದ್ರ ಆಕಿಗೆ ಅದರಾಗ ಪಾಲು ಬೇಕು. "ನಿಮ್ಮದಂದ್ರ? ಪೂರಾ ನಿಮ್ಮದೇನು? ಆ ಕಡಿ ದಂಡಿ ಯಾರಪ್ಪಂದು? ನಮ್ಮದೂ ಅದ! ಬರಕೊಳ್ರಿ ಸಾಹೇಬ್ರ, ನಮ್ಮ ಕಡೀನೇ ಅಗಲ ಜಾಸ್ತಿ ಅದ!"

"ಆಳ ನಮ್ಮ ಕಡಿ ಜಾಸ್ತಿ!" ಅಂದ್ರು ನಮ್ಮವರು, ತಡೀಲಾರದ.

"ಇಬ್ಬರದೂ ಅಂತ ಬರೆಯಲೇ?" ಸಾಹೇಬ್ರು ಲಗು ಲಗು ಪುಸ್ತಕ ತೆರದ್ರು.

"ಬರೀರಿ. ಆದ್ರ ನಮ್ಮ ಹೆಸರು ಮೊದಲ ಬರೀರಿ" ಅಂದ್ಲು ಬೀಗತಿ.

ಆದ್ಯತೆ ಒಂದು ಅಂತ ಸಾಹೇಬ್ರು ಕನ್ನಡದಾಗ ಬರದ್ರು. ಮಗ್ಗಲಿಗೆ ಮುನ್ಷಿ ಉರ್ದುದಾಗ ಅವ್ವಲ್ ಅಂತ ಬರದ್ರು, ಯಾರಿಗಾದ್ರೂ ತಿಳೀಲಿ ಅಂತ. ಎರಡೂ ಹೊಲಕ್ಕ ಅಡ್ಡ ಒಡ್ಡು ಹಾಕ್ತಾರಂತ, ಕೊರಕಲದಾಗ ಕಲ್ಲಿನ ಕಟ್ಟಿ ಕಟ್ಟತಾರಂತ, ನೀರು ಓಡೋದು ಬಿಟ್ಟು ನಡೀಬೇಕಂತ. "ಕಲ್ಲು ಬೇಕಾಗುತ್ತೆ. ಈ ಹೊಲದಲ್ಲಿ ಬಿದ್ದಿರೋ ಕಲ್ಲು ಯಾರದ್ದು?" ಅಂದ್ರು ಸಾಹೇಬ್ರು.

"ನಮ್ಮವು!" ಎರಡೂ ಕಡಿಯಿಂದ ಒಮ್ಮಿಗೇ ಬಂತು. ಅವತ್ತು ಬೀಗರೂ ಬಾಯಿ ಬಿಟ್ಟರು, "ನಮ್ಮವು" ಅಂತ. ಮಗಳ ಮದುವಿ ಆದ ಮ್ಯಾಲೆ ಅವರ ದನಿ ನಾ ಕೇಳಿದ್ದು ಅದೇ ಮೊದಲು.

ನಾ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. ಬೀಗತಿ ಹೆಬ್ಬಟ್ಟು ಒತ್ತಿ, ಮಸಿ ಸೆರಗಿಗೆ ಒರಸಿಕೊಂಡು, ಕೊರಕಲದಾಗ ಇಳಿದು ಹತ್ತಿ ಆಚಿ ದಂಡಿಗೆ ಹೋದ್ಲು. ಮಗಳ ಕೈಯಿಂದ ಕೂಸಿನ್ನ ಇಸಕೊಂಡ್ಲು. ಯಾರ ಮಾತೂ ಕೇಳದ ಮತ್ತ ಕೊರಕಲಕ್ಕ ಇಳದ್ಲು. ಒಂದು ಕೈಯಾಗ ಕೂಸು, ಒಂದು ಕೈಯಾಗ ಸೀರಿ ನಿರಿಗಿ. ಅರ್ಧ ತಗ್ಗಿನಾಗ ಜಾರಿದಳು. ಮುನ್ಷಿ "ಅರೇ ಅಮ್ಮಾ, ಸಂಭಾಲ್ಕೆ!" ಅಂತ ಕೂಗಿದ್ರು. ಕೂಸು ಅಳೋದು ಬಿಟ್ಟು ನಗಾಕ ಹತ್ತಿತು. ಕಡೀಗೆ ಹಿಂದ ಇಳದು ಬಂದ ಅಳಿಯ ನೂಕಿದ, ಮುಂದಿನಿಂದ ನಮ್ಮ ಮನಿಯವರು ಕೈ ಕೊಟ್ಟು ಎಳದ್ರು. ಹೊಸ್ತಲಾ ತುಳಿಯಂಗಿಲ್ಲ ಅಂದಿದ್ದ ಮನುಷ್ಯಾ, ಕೈ ಹಿಡದು ಎಳಿಯೋದಕ್ಕ ಏನೂ ಅಡ್ಡಿ ಇಲ್ಲಂತ.

ಬೀಗತಿ ಏದುಸಿರು ಬಿಟ್ಕೊಂತ ಕೂಸಿನ್ನ ನನ್ನ ಕೈಯಾಗ ಇಟ್ಟಳು.

"ತಗೋ ಯಕ್ಕ, ನಿನ್ನ ಮೊಮ್ಮಗಳು. ಮೂರು ತಿಂಗಳು ನನ್ನ ನಿದ್ದಿ ಹಾಳ ಮಾಡ್ಯಾಳ. ಇನ್ನ ನಿಂದು ಹಾಳ ಮಾಡಲಿ."

ನಾ ಎರಡೂ ಕೈಲೆ ಎದಿಗೆ ಅವಚಿಕೊಂಡೆ. ಕೂಸು ಎಷ್ಟು ಬಿಸಿ ಇತ್ತು! ಬಟ್ಟಿ ಸರಿಸಿ ಮುಖ ನೋಡಿದೆ. ಮೂಗು ಖರೇನೇ ಬೀಗತಿದು. ನಾ ಒಪ್ಪಿಕೊಂಡಿಲ್ಲ, ಒಪ್ಪಿಕೊಳ್ಳಂಗೂ ಇಲ್ಲ.

ಸಾಹೇಬ್ರು ಸಗರಕ್ಕ ಹೋದ್ರು. ಸಂಜೀಕ ಬೀಗರ ಮನಿ ಮಂದಿ ಎಲ್ಲಾರೂ ಅರ್ಧ ಹರದಾರಿ ಸುತ್ತಿ ಬಂಡಿಲೆ ನಮ್ಮ ಮನಿಗೆ ಬಂದ್ರು, ಮಗಳ ಪೆಟಗಿ, ಕೂಸಿನ ಬಟ್ಟಿ ಗಂಟು ಸಮೇತ. ಮಗಳು ಇನ್ನ ಮೂರು ತಿಂಗಳು ಇಲ್ಲೇ. ಪಡಸಾಲ್ಯಾಗ ಸಾಲಿಗೆ ಎಲ್ಲಾರೂ ಕುಂತರು. ಕಡಕ್ ರೊಟ್ಟಿ, ಪುಂಡಿ ಪಲ್ಯಾ, ಶೇಂಗಾ ಹಿಂಡಿ, ಮ್ಯಾಲೆ ಬೆಲ್ಲ ತುಪ್ಪ ಹಾಕಿ ತಿಕ್ಕಿದ ಮಾದಲಿ. ನಮ್ಮವರು ಬೀಗರಿಗೆ ತುಪ್ಪ ಬಡಸಿದ್ರು, ಬೀಗರು ಸಾಕು ಅನ್ನಲಿಲ್ಲ, ಅವರು ಏನೂ ಅನ್ನಂಗಿಲ್ಲ ಅಂತ ತುಪ್ಪ ಹರದು ಗಂಗಾಳದ ಅಂಚಿಗೆ ಬಂತು. ಅಳಿಯ ನಾಕನೇ ರೊಟ್ಟಿಗೆ ಕೈ ಹಾಕಿದ. ಮಗ್ಗಲಿಗೆ ಕುಂತಿದ್ದ ಮಗಳು ಅವನ ಕೈಗೆ ಸಣ್ಣದಾಗಿ ಹೊಡದು, ತಾನೂ ಒಂದು ತಗೊಂಡ್ಲು.

"ಕೂಸಿನ್ನ ಇಳಿಸಿ ಉಣ್ಣಬೇ" ಅಂದ್ಲು ಮಗಳು.

"ಇಳಸಂಗಿಲ್ಲ."

"ತೊಡಿ ತೊಯ್ದದ ಯವ್ವಾ."

"ತೊಯ್ಲಿ."

ಎರಡೂ ಕೈ ಕೂಸಿಗೆ ಬೇಕಾಗಿದ್ವು, ಉಣ್ಣಾಕ ಕೈ ಉಳದಿರಲಿಲ್ಲ. ಬೀಗತಿ ಎದುರಿಗೆ ಬಂದು ಕುಂತು, ರೊಟ್ಟಿ ಮುರದು, ಪಲ್ಯಾ ಹಚ್ಚಿ, ಮುಟಿಗಿಯಷ್ಟು ತುತ್ತು ಮಾಡಿ ನನ್ನ ಬಾಯಿಗೆ ತುರುಕಿದ್ಲು. ನಾ ಬಾಯಿ ತುಂಬಿಕೊಂಡು ತಲಿ ಅಲ್ಲಾಡಿಸಿದೆ, ಸಣ್ಣದು ಮಾಡು ಅಂತ. ಆಕಿ ಇನ್ನೂ ಬೇಕು ಅಂದೆ ಅಂತ ತಿಳಕೊಂಡು, ಮುಂದಿನದು ಮತ್ತಷ್ಟು ದೊಡ್ಡದು ಮಾಡಿದ್ಲು. ಎಲ್ಲಾರೂ ನಗಾಕ ಹತ್ತಿದ್ರು. ಕೂಸು ಆ ಗದ್ದಲದಾಗೇ ನನ್ನ ತೊಡಿ ಮ್ಯಾಲೆ ನಿದ್ದಿ ಹೋತು, ನಾವು ಉಣಕೊಂತ ಕುಂತಿವಿ.